ಬೆರಿ ಗಿಡಗಳಿಗೆ ತರಕಾರಿಯ ಲೆಕ್ಕ ಹೊಂದುವುದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಕೈತೋಟದ ಲೇಖನ ಹೊಸಬರಲ್ಲಿ ಆಸಕ್ತಿ ಹುಟ್ಟಿಸುವಂತಿತ್ತು. ಆದರೆ ಅದರಲ್ಲಿ ತರಕಾರಿಯನ್ನೂ ಬೆರಿ ಹಣ್ಣುಗಳನ್ನೂ ಒಂದೇ ಸಾಲಿಗೆ ಸೇರಿಸಿ, ಎರಡಕ್ಕೂ ಒಂದೇ ಬಗೆಯ ಪಾತಿ, ಒಂದೇ ಗೊಬ್ಬರ ಮತ್ತು ಪ್ರತಿ ಗಿಡದ ಬುಡಕ್ಕೂ ಒಂದು ಹಿಡಿ ಕಟ್ಟಿಗೆಯ ಬೂದಿ ಸಾಕೆಂದು ಸೂಚಿಸಿರುವುದು ಸರಿಯಲ್ಲವೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೂಲಂಗಿಯನ್ನು ಬಿತ್ತಿದ ಒಂದು ತಿಂಗಳ ಸುಮಾರಿಗೆ ಕಿತ್ತು ತೆಗೆಯಬಹುದು. ಟೊಮೆಟೊ ನಾಟಿಯಾದ ಎರಡು ಮೂರು ತಿಂಗಳಲ್ಲಿ ಹಣ್ಣು ಕೊಡುತ್ತದೆ. ಜಾಗದ ಆಯ್ಕೆ ತಪ್ಪಿದರೂ ಮುಂದಿನ ಬೆಳೆಗೆ ತಿದ್ದಿಕೊಳ್ಳಲು ಅವಕಾಶವಿದೆ. ಆದರೆ ಸ್ಟ್ರಾಬೆರಿಯ ಪಾತಿ ಮೂರು ನಾಲ್ಕು ವರ್ಷ ಅಲ್ಲೇ ಇರುತ್ತದೆ, ರಾಸ್ಬೆರಿಯ ಸಾಲು ಹತ್ತು ವರ್ಷದವರೆಗೂ ಫಲ ಕೊಡಬಲ್ಲದು, ಚೆನ್ನಾಗಿ ನೆಲೆಯೂರಿದ ಬ್ಲೂಬೆರಿ ಗಿಡವಂತೂ ಹಲವು ದಶಕ ಬಾಳುತ್ತದೆ. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ಕಾಗದದ ಮೇಲೆ ತೋಟದ ನಕ್ಷೆ ಬರೆದು, ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಮೊದಲು ಬೆರಿ ಗಿಡಗಳಿಗೆ ಗೊತ್ತುಮಾಡಿ, ಉಳಿದ ಬಿಸಿಲಿನ ಜಾಗವನ್ನು ತರಕಾರಿಗೆ ಹಂಚಬೇಕು. ಇವುಗಳಲ್ಲಿ ಹೆಚ್ಚಿನವು ಹೂಬಿಡಲು ಒಂದಿಷ್ಟು ಚಳಿಯನ್ನು ಬೇಡುವುದರಿಂದ, ಕಡಿಮೆ ಚಳಿಗೂ ಒಗ್ಗುವ ತಳಿ ಯಾವುದೆಂದು ಸಸಿ ಕೊಳ್ಳುವಾಗಲೇ ವಿಚಾರಿಸುವುದು ಒಳ್ಳೆಯದು.

ಇನ್ನು ಮಣ್ಣಿನ ಮಾತು. ಲೇಖನ ಎಡವಿರುವುದು ಮುಖ್ಯವಾಗಿ ಇಲ್ಲಿಯೇ. ಹೆಚ್ಚಿನ ತರಕಾರಿಗಳಿಗೆ ಮಣ್ಣಿನ ರಸಸಾರ (ಪಿಎಚ್, ಅಂದರೆ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 7ರ ನಡುವೆ ಇದ್ದರೆ ಸಾಕು, ಬ್ಲೂಬೆರಿಗೆ 4.5ರಿಂದ 5.5ರಷ್ಟು ಹುಳಿಯಾದ ಮಣ್ಣೇ ಬೇಕು. ಬೂದಿ ಸುಣ್ಣದಂತೆಯೇ ಹುಳಿಯನ್ನು ಕಡಿಮೆ ಮಾಡುತ್ತದೆ. ಗೊಬ್ಬರವೆಂದರೆ ಎಲ್ಲ ಗಿಡಕ್ಕೂ ಒಳ್ಳೆಯದೇ ಎಂದು ನಂಬಿದ್ದ ಕಾಲದಲ್ಲಿ ನಾನೂ ನನ್ನ ಎರಡು ಬ್ಲೂಬೆರಿ ಗಿಡಗಳಿಗೆ ಧಾರಾಳವಾಗಿ ಬೂದಿ ಹಾಕಿದ್ದೆ. ಎಳೆಯ ಎಲೆಗಳಲ್ಲಿ ನರಗಳಷ್ಟೇ ಹಸಿರಾಗಿ ಉಳಿದು ನಡುವಿನ ಭಾಗವೆಲ್ಲ ಹಳದಿಯಾದಾಗ ಹಸಿವೆಂದು ಭಾವಿಸಿ ಮತ್ತಷ್ಟು ಬೂದಿ ಸುರಿದೆನೆಂದು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಹುಳಿ ತಗ್ಗಿದಾಗ ಬೇರು ಅದನ್ನು ಹೀರಿಕೊಳ್ಳಲಾರದು ಎಂಬುದು ನನಗೆ ತಿಳಿಯುವ ಹೊತ್ತಿಗೆ ಒಂದು ಗಿಡ ಸತ್ತೇಹೋಗಿತ್ತು. ಗಂಧಕದ ಪುಡಿ ಬೆರೆಸಿ ಹುಳಿಯನ್ನು ಹೆಚ್ಚಿಸಬಹುದು, ನಿಜ. ಆದರೆ ಗಂಧಕವನ್ನು ಆಮ್ಲವಾಗಿಸುವ ಕೆಲಸ ಮಣ್ಣಿನ ಸೂಕ್ಷ್ಮಜೀವಿಗಳದ್ದಾದ್ದರಿಂದ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಹಾಗಾಗಿ ಆ ಕೆಲಸ ನಾಟಿಗೆ ಬಹಳ ಮುಂಚೆಯೇ ಆಗಬೇಕು. ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಈ ಹೋರಾಟಕ್ಕಿಂತ ದೊಡ್ಡ ಕುಂಡದಲ್ಲಿ ಬೇರೆ ಮಣ್ಣು ತುಂಬಿ ಬೆಳೆಸುವುದೇ ಜಾಣತನ. ಹೇಗೇ ಬೆಳೆಸಿದರೂ, ಒಂದೇ ಸಮಯದಲ್ಲಿ ಹೂಬಿಡುವ ಎರಡು ತಳಿಗಳನ್ನು ಹತ್ತಿರದಲ್ಲಿಟ್ಟರೆ ಪರಾಗಸ್ಪರ್ಶ ಚೆನ್ನಾಗಿ ಆಗಿ ಕಾಯಿ ದಪ್ಪವಾಗುತ್ತದೆ.

ಟೊಮೆಟೊ, ಬದನೆ, ಆಲೂಗಡ್ಡೆ ಬೆಳೆದ ಪಾತಿಯಲ್ಲಿ ಮರುವರ್ಷವೇ ಸ್ಟ್ರಾಬೆರಿ ಅಥವಾ ರಾಸ್ಬೆರಿ ನೆಡಬಹುದೆಂಬ ಸಲಹೆಯೂ ಅಪಾಯಕಾರಿ. ಈ ಎರಡೂ ಗುಂಪುಗಳನ್ನು ಕಾಡುವ ಸೊರಗು ರೋಗದ ಶಿಲೀಂಧ್ರವೊಂದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಸ್ಟ್ರಾಬೆರಿ ನೆಡುವಾಗ ಎಲೆಗಳು ಹುಟ್ಟುವ ನಡುಗಂಟು ಮಣ್ಣಿನ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ಹೂತುಹೋದರೆ ಕೊಳೆಯುತ್ತದೆ, ಮೇಲೆದ್ದರೆ ಒಣಗುತ್ತದೆ. ಇನ್ನು ರಾಸ್ಬೆರಿಯ ಸಾಮಾನ್ಯ ತಳಿಗಳಲ್ಲಿ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಗಳಲ್ಲಿ. ಅಂದವಾಗಿ ಕಾಣಲೆಂದು ಎಲ್ಲವನ್ನೂ ಬುಡಕ್ಕೆ ಸವರಿದವರು ಆ ವರ್ಷದ ಹಣ್ಣನ್ನು ಮರೆಯಬೇಕಾಗುತ್ತದೆ.

ತರಕಾರಿಯ ವಿಷಯದಲ್ಲಿ ಲೇಖನದ ಹೆಚ್ಚಿನ ಮಾತುಗಳನ್ನು ನಾನು ಒಪ್ಪುತ್ತೇನೆ. ಕ್ಯಾರೆಟ್ಟನ್ನೂ ಸಸಿ ಮಾಡಿ ನಾಟಿ ಮಾಡಬೇಕೆಂಬುದನ್ನು ಮಾತ್ರ ಕೈಬಿಡಬೇಕು; ಕಿತ್ತು ನೆಟ್ಟಾಗ ತಾಯಿಬೇರಿಗೆ ಪೆಟ್ಟಾಗಿ ಗಡ್ಡೆ ಕವಲೊಡೆಯುವುದರಿಂದ ಅದನ್ನು ಪಾತಿಯಲ್ಲೇ ನೇರವಾಗಿ ಬಿತ್ತುವುದು ವಾಸಿ.

ಲೇಖನವನ್ನು ಓದಿ ಈಗಾಗಲೇ ಬ್ಲೂಬೆರಿಗೆ ಬೂದಿ ಹಾಕಿದವರು ಇರಬಹುದು. ಆ ಗಿಡದ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡಿರುವುದರಿಂದ ಆಳವಾಗಿ ಕೆದಕದೆ, ಮೇಲೆ ಕಾಣುವ ಬೂದಿಯನ್ನಷ್ಟೇ ಕೈಯಿಂದ ತೆಗೆದುಹಾಕಿ, ಮಣ್ಣಿನ ರಸಸಾರವನ್ನು ಪರೀಕ್ಷಿಸಿದ ನಂತರವೇ ಮುಂದಿನ ಉಪಚಾರ ಮಾಡಬೇಕೆಂಬ ಸೂಚನೆಯನ್ನು ಮುಂದಿನ ಪುರವಣಿಯಲ್ಲಿ ಪ್ರಕಟಿಸಬೇಕಾಗಿ ವಿನಂತಿ.

ಇಂತಿ,
ತಮ್ಮ ಪತ್ರಿಕೆಯ ಓದುಗ