ಸೆಕೆಂಡು ಎಣಿಸಿ ಸ್ಕೀ ಮೇಷ್ಟ್ರನ್ನು ಆರಿಸಬೇಡಿ: ಯುರೋಪಿಯನ್ ಕಮಿಷನ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಸ್ಟೆಫಾನ್ ಸೆಜೂರ್ನೆ ಅವರಿಗೆ,
ಕಾರ್ಯನಿರ್ವಾಹಕ ಉಪಾಧ್ಯಕ್ಷರು, ಯುರೋಪಿಯನ್ ಕಮಿಷನ್, ಬ್ರಸೆಲ್ಸ್

ನಮಸ್ಕಾರ.

ಯುರೋಪಿಯನ್ ಯೂನಿಯನ್ನಿನ 24 ಅಧಿಕೃತ ಭಾಷೆಗಳಲ್ಲಿ ಕನ್ನಡ ಇಲ್ಲ, ಗೊತ್ತು. ಆದರೆ ಒಂದು ದೇಶದ ಸ್ಕೀ ಮೇಷ್ಟ್ರ ಸರ್ಟಿಫಿಕೇಟನ್ನು ಇನ್ನೊಂದು ದೇಶ ಒಪ್ಪದ ವಿಷಯವನ್ನು ಜರ್ಮನ್‌ನಲ್ಲಿ ಬರೆದು, ಇನ್ನೊಂದು ಭಾಷೆಗೆ ದುಡ್ಡು ಕೊಟ್ಟು ಅನುವಾದ ಮಾಡಿಸಿ, ಮೂರು ಸಲ ಕಳಿಸಿ ಸಾಕಾಗಿದೆ. ಸಿಟ್ಟು ಬಂದಾಗ ನಮ್ಮ ಭಾಷೆಯೇ ಸಲೀಸು. ಜೊತೆಗೆ, ಮ್ಯೂನಿಕ್‌ನ ಕನ್ನಡದ ಮನೆಗಳಲ್ಲೂ ಈಗ ಫೆಬ್ರವರಿ ಬಂತೆಂದರೆ ಮಕ್ಕಳ ಸ್ಕೀ ಬೂಟಿನದೇ ಮಾತು. ಅವರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ 22 ವರ್ಷ. ಹುಟ್ಟಿದ್ದು, ಬೆಳೆದದ್ದು ಮ್ಯೂನಿಕ್‌ನಲ್ಲಿ. ಇರುವುದು ಜರ್ಮನ್ ಪಾಸ್‌ಪೋರ್ಟ್. ಚಳಿಗಾಲದಲ್ಲಿ ಶನಿವಾರ, ಭಾನುವಾರ ಬೆಳಗಿನ ರೈಲು ಹಿಡಿದು ಲೆಂಗ್‌ಗ್ರೀಸ್‌ಗೆ ಹೋಗಿ ಮಕ್ಕಳಿಗೆ ಸ್ಕೀ ಕಲಿಸುತ್ತಾಳೆ. ಜರ್ಮನಿಯ ಎರಡನೇ ಹಂತದ ಸರ್ಟಿಫಿಕೇಟ್ ಇದೆ. ಒಂದು ಪೂರ್ತಿ ಚಳಿಗಾಲ ಗಡಿಯಾಚೆ, ಆಲ್ಪ್ಸ್‌ನ ಇನ್ನೊಂದು ದೇಶದಲ್ಲಿ ಕಲಿಸಬೇಕು ಅನ್ನುವುದು ಅವಳ ಆಸೆ. ಅಲ್ಲಿನ ಒಂದು ಸ್ಕೀ ಶಾಲೆಯವರು ಬಾ ಅಂದೂ ಆಗಿತ್ತು. ಯಾವ ದೇಶ ಅಂತ ಬರೆಯುವುದಿಲ್ಲ. ಅವಳಿಗೆ ಇನ್ನೂ ಅಲ್ಲಿಗೆ ಹೋಗುವ ಮನಸ್ಸಿದೆ, ಅಮ್ಮನ ಬಾಯಿಂದ ಅದು ಕೆಡುವುದು ಬೇಡ.

ಸೆಪ್ಟೆಂಬರ್ ಕೊನೆಗೆ ಅರ್ಜಿ ಹೋಯಿತು. ಸರ್ಟಿಫಿಕೇಟ್, ತರಬೇತಿಯ ಗಂಟೆಗಳ ಲೆಕ್ಕ, ಪ್ರಥಮ ಚಿಕಿತ್ಸೆಯ ಕಾಗದ, ಪಾಸ್‌ಪೋರ್ಟ್ ಪ್ರತಿ, ಎಲ್ಲದಕ್ಕೂ ಮುದ್ರೆ ಹಾಕಿದ ಅನುವಾದ. ನಮ್ಮ ಊಟದ ಮೇಜಿನ ಮೇಲೆ ಎರಡು ವಾರ ಆ ಕಾಗದದ ಗುಡ್ಡೆಯೇ ಇತ್ತು. ಉತ್ತರ ಬಂದದ್ದು ಜನವರಿ ಕೊನೆಯ ವಾರ. 'ನಿಮ್ಮ ತರಬೇತಿಗೂ ನಮ್ಮ ತರಬೇತಿಗೂ ಗಣನೀಯ ವ್ಯತ್ಯಾಸ ಇದೆ, ಪರೀಕ್ಷೆ ಕೊಡಿ.' ಪರೀಕ್ಷೆ ಅಂದರೆ ಜೈಂಟ್ ಸ್ಲಾಲಮ್. ಕಂಬಗಳ ನಡುವೆ ನುಗ್ಗಿ, ನಿಗದಿ ಮಾಡಿದ ಸಮಯದೊಳಗೆ ಕೆಳಗೆ ಮುಟ್ಟಬೇಕು.

ಅವಳು ಅಲ್ಲಿ ಕಲಿಸಬೇಕಿದ್ದದ್ದು ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ.

ಈ ಮಕ್ಕಳ ಕ್ಲಾಸು ಹೇಗಿರುತ್ತದೆ ಅಂತ ನಾನು ಬೇಲಿಯಾಚೆ ನಿಂತು ಬೇಕಾದಷ್ಟು ಸಲ ನೋಡಿದ್ದೇನೆ. ಮೊದಲ ಅರ್ಧ ಗಂಟೆ ಬೂಟಿನ ಬಕಲ್ ಹಾಕುವುದರಲ್ಲೇ ಹೋಗುತ್ತದೆ. ಎಲ್ಲರಿಗೂ ಹಾಕಿ ಮುಗಿಯಿತು ಅನ್ನುವಷ್ಟರಲ್ಲಿ ಒಬ್ಬನಿಗೆ ಒಂದಕ್ಕೆ ಬರುತ್ತದೆ. ಒಂದು ಕೈಗವಸು ಕಾಣೆಯಾಗುತ್ತದೆ. ಆಮೇಲೆ ಮಗಳು ಮಗುವಿನ ಎದುರು ನಿಂತು, ಇಳಿಜಾರಿಗೆ ಬೆನ್ನು ಮಾಡಿ, ಹಿಂದಕ್ಕೆ ಜಾರುತ್ತಾ ಜಾರುತ್ತಾ ಮಗುವಿನ ಸ್ಕೀ ತುದಿ ಎರಡನ್ನೂ ಕೈಯಲ್ಲಿ ಹಿಡಿದು ಜೋಡಿಸುತ್ತಾಳೆ. 'ಪಿಜ್ಜಾ, ಪಿಜ್ಜಾ!' ಅಂತ ಕೂಗುತ್ತಾಳೆ. ಸ್ಕೀ ತುದಿ ಕೂಡಿಸಿ ಹಿಂಬದಿ ಅಗಲ ಮಾಡಿದರೆ ಪಿಜ್ಜಾ ತುಂಡಿನ ಆಕಾರ, ವೇಗ ಕಡಿಮೆ. ಎರಡನ್ನೂ ಸಮ ಇಟ್ಟರೆ 'ಪೊಮೆಸ್', ಅಂದರೆ ಫ್ರೆಂಚ್ ಫ್ರೈಸ್, ಆಗ ವೇಗ ಜಾಸ್ತಿ. ಇಲ್ಲಿನ ಮಕ್ಕಳ ಸ್ಕೀ ಪಾಠದ ಅಕ್ಷರಮಾಲೆ ಇದು. ಮ್ಯಾಜಿಕ್ ಕಾರ್ಪೆಟ್ ಅನ್ನುವ ಚಲಿಸುವ ಪಟ್ಟಿಯ ಮೇಲೆ ನಿಂತು ಮೇಲೆ ಹೋಗುವುದು, ಪಿಜ್ಜಾ ಮಾಡಿಕೊಂಡು ಕೆಳಗೆ ಬರುವುದು. ಬಿದ್ದವರನ್ನು ಎಬ್ಬಿಸುವುದು. ಅಳುವವರನ್ನು ನಗಿಸುವುದು.

ಈ ಕೆಲಸಕ್ಕೆ ಜೈಂಟ್ ಸ್ಲಾಲಮ್ ಸಮಯ ಯಾಕೆ ಬೇಕು ಅಂತ ನನಗೆ ಯಾರಾದರೂ ಹೇಳಬೇಕು.

ನನಗೆ ಈಜು ಕಲಿಸಿದ್ದು ಸೋದರಮಾವ. ಮಲೆನಾಡಿನ ನಮ್ಮ ತೋಟದ ಕೆರೆಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ. ಮಾವ ಶರಾವತಿಯನ್ನು ಎಷ್ಟು ನಿಮಿಷದಲ್ಲಿ ದಾಟುತ್ತಾನೆ ಅಂತ ನಮ್ಮಜ್ಜಿ ಕೇಳಲಿಲ್ಲ. 'ಹುಡುಗಿ ಮುಳುಗಿದರೆ ಎತ್ತುತ್ತೀಯಾ?' ಅಂತ ಮಾತ್ರ ಕೇಳಿದ್ದಳು. ಮಳೆಗಾಲದ ಹೊಳೆಗೆ ಇಳಿಸುವುದಾದರೆ ಅಜ್ಜಿ ಬೇರೆ ಪ್ರಶ್ನೆ ಕೇಳುತ್ತಿದ್ದಳು, ಬೇರೆ ಮನುಷ್ಯನನ್ನೇ ಹುಡುಕುತ್ತಿದ್ದಳು. ನಿಮ್ಮ ನಿಯಮದಲ್ಲಿ ಕೆರೆಗೂ ಹೊಳೆಗೂ ಒಂದೇ ಪ್ರಶ್ನೆ. ನನ್ನ ತಕರಾರು ಇಷ್ಟೇ.

ಕಾನೂನು ನಾನೂ ಓದಿದ್ದೇನೆ. ಓದಿಸಿದಿರಿ ಅನ್ನಬೇಕು. ವೃತ್ತಿ ಅರ್ಹತೆಗಳ ಮಾನ್ಯತೆಯ ನಿರ್ದೇಶನ, 2005/36. ಅದರಲ್ಲಿ ವೈದ್ಯರು, ನರ್ಸ್‌ಗಳು, ದಂತವೈದ್ಯರು, ಪಶುವೈದ್ಯರು, ಸೂಲಗಿತ್ತಿಯರು, ಔಷಧ ತಜ್ಞರು, ವಾಸ್ತುಶಿಲ್ಪಿಗಳು, ಈ ಏಳು ವೃತ್ತಿಯವರಿಗೆ ಒಂದು ದೇಶದ ಅರ್ಹತೆ ಇನ್ನೊಂದು ದೇಶದಲ್ಲಿ ತಾನಾಗಿಯೇ ನಡೆಯುತ್ತದೆ. ಉಳಿದವರ ಕಾಗದವನ್ನು ಆಯಾ ದೇಶ ತನ್ನದರ ಜೊತೆ ಹೋಲಿಸಿ ನೋಡುತ್ತದೆ. ವ್ಯತ್ಯಾಸ ದೊಡ್ಡದು ಅನಿಸಿದರೆ ಪರೀಕ್ಷೆ ಕೇಳಬಹುದು, ಅಥವಾ ಮೂರು ವರ್ಷದವರೆಗೆ ಯಾರದಾದರೂ ಕೈಕೆಳಗೆ ಕೆಲಸ ಮಾಡು ಅನ್ನಬಹುದು. ಸ್ಕೀ ಕಲಿಸುವವರು ಈ 'ಉಳಿದವರ' ಗುಂಪಿನಲ್ಲಿ.

2019ರಲ್ಲಿ ನಿಮ್ಮ ಕಮಿಷನ್ ಒಂದು ದಾರಿ ಮಾಡಿತು. 2019/907 ಅನ್ನುವ ನಿಯಮ. ಎಲ್ಲ ದೇಶಗಳಿಗೂ ಒಂದೇ ಸಾಮಾನ್ಯ ಪರೀಕ್ಷೆ. ಅದರಲ್ಲಿ ಎರಡು ಭಾಗ: ಯೂರೋಟೆಸ್ಟ್ ಅನ್ನುವ ಕಂಬದ ಓಟ, ಯೂರೋಸೆಕ್ಯುರಿಟಿ ಅನ್ನುವ ಸುರಕ್ಷತೆಯ ಪರೀಕ್ಷೆ. ಎರಡನ್ನೂ ಪಾಸು ಮಾಡಿದರೆ ಗಡಿಯ ಕಿರಿಕಿರಿ ಮುಗಿಯಿತು. ಒಳ್ಳೆಯ ಕೆಲಸವೇ. ಆದರೆ ಆ ಬಾಗಿಲು ಆಯಾ ದೇಶದ ಮೇಲಿನ ಡಿಪ್ಲೊಮಾ ಇದ್ದವರಿಗೆ. ಫ್ರಾನ್ಸ್‌ನಲ್ಲಾದರೆ ಸರ್ಕಾರಿ ಸ್ಕೀ ಡಿಪ್ಲೊಮಾ, ಜರ್ಮನಿಯಲ್ಲಾದರೆ ಸರ್ಕಾರಿ ಪರೀಕ್ಷೆ ಪಾಸಾದ ಸ್ಕೀ ಶಿಕ್ಷಕ. ನನ್ನ ಮಗಳಂಥ ನಡುವಿನ ಮೆಟ್ಟಿಲಿನವರು ಆ ಪಟ್ಟಿಯಲ್ಲೇ ಇಲ್ಲ. ಅವರಿಗೆ ಸಾಮಾನ್ಯ ಪರೀಕ್ಷೆಯ ಲಾಭ ಇಲ್ಲ, ಅದೇ ಥರದ ಕಂಬದ ಓಟ ಮಾತ್ರ ಹಿಂಬಾಗಿಲಿನಿಂದ ತಲೆಗೆ ಬರುತ್ತದೆ.

ಯೂರೋಟೆಸ್ಟ್ ಬಗ್ಗೆ ಗೊತ್ತಿಲ್ಲದ ಕನ್ನಡದ ಓದುಗರಿಗೆ ಒಂದು ಮಾತು. ಮೊದಲು ಒಬ್ಬ ಪಳಗಿದ ಸ್ಕೀಯರ್ ಇಳಿದು ಬರುತ್ತಾನೆ. ಅವನ ಸಮಯಕ್ಕೆ ಅವನ ಸಾಮರ್ಥ್ಯದ ಲೆಕ್ಕ ಹಚ್ಚಿ ಒಂದು ಮೂಲ ಸಮಯ ತೆಗೆಯುತ್ತಾರೆ. ಅದಕ್ಕೆ ಇಂತಿಷ್ಟು ಶೇಕಡಾ ಸೇರಿಸಿದ ಸಮಯದೊಳಗೆ ಅಭ್ಯರ್ಥಿ ಬರಬೇಕು. ಹೆಂಗಸರಿಗೆ ಸ್ವಲ್ಪ ಜಾಸ್ತಿ ರಿಯಾಯಿತಿ. ಚಿಕ್ಕಂದಿನಿಂದ ರೇಸ್ ಕ್ಲಬ್ಬಿನಲ್ಲಿ ಬೆಳೆದವರಿಗೇ ಇದು ಕಷ್ಟ. ಇಪ್ಪತ್ತು ದಾಟಿದ ಮೇಲೆ ರೇಸಿಗೆ ಇಳಿದವರ ಪಾಡು ಕೇಳಲೇಬೇಡಿ.

ಹಾಗಂತ ಪರೀಕ್ಷೆಯೇ ಬೇಡ ಅನ್ನುವವಳಲ್ಲ ನಾನು. ಯೂರೋಸೆಕ್ಯುರಿಟಿ ಬೇಕು. ಗುರುತು ಹಾಕಿದ ಸ್ಕೀ ದಾರಿ ಬಿಟ್ಟು ಆಚೆ, ಯಾರೂ ತುಳಿಯದ ಹಿಮದಲ್ಲಿ ಜನರನ್ನು ಕರೆದುಕೊಂಡು ಹೋಗುವವರಿಗೆ ಹಿಮಕುಸಿತದ ಲಕ್ಷಣ ಗೊತ್ತಿರಬೇಕು. ಹೂತುಹೋದವರನ್ನು ಸಿಗ್ನಲ್ ಹಿಡಿದು ಹುಡುಕಿ ಅಗೆದು ತೆಗೆಯಲು ಬರಬೇಕು. ಅಲ್ಲಿ ಒಂದೊಂದು ನಿಮಿಷವೂ ಜೀವದ ಲೆಕ್ಕ. ಆ ವಿಷಯದಲ್ಲಿ ಯಾವ ದೇಶ ಬಿಗಿ ಹಿಡಿದರೂ ನಾನು ಅವರ ಪಕ್ಷವೇ. ಮಗಳೂ ಅದನ್ನೇ ಹೇಳುತ್ತಾಳೆ. ಅವಳು ಆ ಕಡೆ ಹೋಗಲೂ ಕೇಳಿಲ್ಲ. ಮ್ಯಾಜಿಕ್ ಕಾರ್ಪೆಟ್‌ನ ಪಕ್ಕ ನಿಲ್ಲಲು ಕೇಳಿದ್ದಾಳೆ.

ಒಂದೇ ಪರ್ವತ, ದೇಶಕ್ಕೊಂದು ನ್ಯಾಯ. ಆಸ್ಟ್ರಿಯಾದಲ್ಲಿ ಸ್ಕೀ ಶಾಲೆಗಳ ಕಾನೂನು ಪ್ರಾಂತ್ಯಕ್ಕೊಂದು. ಅಲ್ಲಿ ಸುಮಾರು ಹತ್ತು ದಿನದ ಕೋರ್ಸ್ ಮಾಡಿದ 'ಆನ್‌ವೆರ್ಟರ್', ಅಂದರೆ ಉಮೇದುವಾರ, ಶಾಲೆಯೊಂದರ ಕೈಕೆಳಗೆ ಹೊಸಬರಿಗೆ ಕಲಿಸಬಹುದು. ಅಲ್ಲಿನ ಮಕ್ಕಳೂ ಚೆನ್ನಾಗಿಯೇ ಕಲಿಯುತ್ತಿದ್ದಾರೆ. ನಿಮ್ಮದೇ ಫ್ರಾನ್ಸ್‌ನಲ್ಲಿ ಅರ್ಹತೆ ಇಲ್ಲದೆ ದುಡ್ಡಿಗೆ ಸ್ಕೀ ಕಲಿಸಿದರೆ ಕ್ರೀಡಾ ಸಂಹಿತೆಯ ಪ್ರಕಾರ ಒಂದು ವರ್ಷ ಜೈಲು, 15,000 ಯೂರೋ ದಂಡದವರೆಗೆ ಹೋಗಬಹುದು. ಇಟಲಿಯಲ್ಲಿ 1991ರ ಕಾನೂನು, ಪ್ರಾದೇಶಿಕ ಸಂಘದ ಪಟ್ಟಿಯಲ್ಲಿ ಹೆಸರು ಇರಬೇಕು. ನೀವು ಫ್ರಾನ್ಸ್‌ನವರು ಅಂತ ಚುಚ್ಚುತ್ತಿಲ್ಲ. ಕಮಿಷನರ್ ಆದವರು ತಮ್ಮ ದೇಶದ ಮಾತು ಕೇಳಬಾರದು ಅಂತ ಒಪ್ಪಂದದಲ್ಲೇ ಬರೆದಿದೆ. ಆ ಧೈರ್ಯದ ಮೇಲೆಯೇ ನಿಮಗೆ ಬರೆಯುತ್ತಿರುವುದು.

ಬ್ರಿಟನ್ನಿನವರ ಕಥೆ ಇನ್ನೂ ವಿಚಿತ್ರ. ಕಂಬಗಳ ನಡುವೆ ಓಡುವ ಇವತ್ತಿನ ಸ್ಲಾಲಮ್ ಆಟವನ್ನು 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಮೊದಲು ಏರ್ಪಡಿಸಿದ್ದು ಆರ್ನಲ್ಡ್ ಲನ್ ಅನ್ನುವ ಇಂಗ್ಲಿಷಿನವರು. 2020ರ ಡಿಸೆಂಬರ್ 31 ಮುಗಿದ ಮೇಲೆ ನಿಮ್ಮ ಮಾನ್ಯತೆಯ ನಿರ್ದೇಶನ ಅವರ ದೇಶಕ್ಕೆ ಅನ್ವಯಿಸುವುದೇ ಇಲ್ಲ. ಯೂನಿಯನ್ ಬಿಟ್ಟು ಹೋದದ್ದು ಅವರೇ, ಬಿಡಿ. ನಾವು ಒಳಗೇ ಇದ್ದೇವೆ, ಆದರೂ ನಮ್ಮ ಮಕ್ಕಳು ಹೊಸ್ತಿಲಲ್ಲೇ ನಿಂತಿದ್ದಾರೆ.

ಭಾರತದಿಂದ ಬಂದ ನಮ್ಮಂಥವರಿಗೆ ಈ ಮಾನ್ಯತೆಯ ತಾಪತ್ರಯ ಹೊಸದಲ್ಲ. 'ಅನರ್ಕೆನ್ನುಂಗ್' ಅನ್ನುವುದು ಜರ್ಮನಿಯಲ್ಲಿ ನಾವು ಕಲಿಯುವ ಮೊದಲ ಉದ್ದದ ಪದಗಳಲ್ಲಿ ಒಂದು. ಉಡುಪಿ ಕಡೆಯ ನಮ್ಮ ಗೆಳತಿಯೊಬ್ಬಳು ನರ್ಸ್. ಹೊರಗಿನ ಡಿಗ್ರಿ ಆದ್ದರಿಂದ ಇಲ್ಲಿ ಮತ್ತೆ ಪರೀಕ್ಷೆ ಬರೆದು ಗೆದ್ದಳು. ಆದರೆ ಅವಳನ್ನು ಕೇಳಿದ್ದು ರೋಗಿಯನ್ನು ನೋಡಿಕೊಳ್ಳುವ ವಿಷಯವನ್ನೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಎಷ್ಟು ಜೋರಾಗಿ ಓಡುತ್ತೀಯ ಅಂತ ಕೇಳಲಿಲ್ಲ.

ಇನ್ನು ಸಮಯದ ಮಾತು. ಅರ್ಜಿ ಪೂರ್ತಿಯಾದ ಮೇಲೆ ನಿರ್ಧಾರಕ್ಕೆ ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು ಅಂತ ನಿರ್ದೇಶನದ 51ನೇ ವಿಧಿ ಹೇಳುತ್ತದೆ. ಮಗಳಿಗೆ ಉತ್ತರ ಬಂದದ್ದು ಸರಿಯಾಗಿ ಆ ಗಡುವಿನೊಳಗೆ. ಕಚೇರಿಯವರು ಕಾನೂನು ಮೀರಿಲ್ಲ, ಒಪ್ಪುತ್ತೇನೆ. ಆದರೆ ಸ್ಕೀ ಸೀಸನ್ ಇರುವುದೇ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ನಾಲ್ಕು ತಿಂಗಳು ಅಂದರೆ ಒಂದು ಸೀಸನ್ನೇ ಹೋಯಿತು ಅಲ್ವಾ? ಇಂಜಿನಿಯರಿಗೆ ಮೂರು ತಿಂಗಳು ತಡವಾದರೆ ಕೆಲಸ ಕಾಯುತ್ತದೆ. ಹಿಮ ಕಾಯುವುದಿಲ್ಲ.

ಇದಕ್ಕೆ ಮದ್ದು ನಿಮ್ಮ ಕಪಾಟಿನಲ್ಲೇ ಇದೆ. 2016ರ ಜನವರಿಯಿಂದ ಯುರೋಪಿಯನ್ ವೃತ್ತಿಪರ ಕಾರ್ಡ್ ಅಂತ ಒಂದು ನಡೆಯುತ್ತಿದೆ. ಎಲ್ಲವೂ ಆನ್‌ಲೈನ್. ಕಾಗದಗಳನ್ನು ತವರು ದೇಶದ ಕಚೇರಿಯೇ ನೋಡಿ ಆಚೆ ಕಳಿಸುತ್ತದೆ. ಹೋಗಬೇಕಾದ ದೇಶ ಗಡುವಿನೊಳಗೆ ಉತ್ತರ ಕೊಡದಿದ್ದರೆ ಕಾರ್ಡ್ ಕೊಟ್ಟಂತೆಯೇ ಲೆಕ್ಕ. ಮೌನಂ ಸಮ್ಮತಿ ಲಕ್ಷಣಂ ಅನ್ನುವುದನ್ನು ಬ್ರಸೆಲ್ಸ್‌ನವರೂ ಕಾನೂನು ಮಾಡಿಕೊಂಡಿದ್ದಾರೆ ಅಂತ ಓದಿ ನನಗೆ ಖುಷಿಯಾಗಿತ್ತು. ಈ ಕಾರ್ಡ್ ಶುರುವಾದದ್ದು ಐದು ವೃತ್ತಿಗೆ: ನರ್ಸ್, ಫಿಸಿಯೋಥೆರಪಿಸ್ಟ್, ಔಷಧ ತಜ್ಞ, ಮನೆ-ಜಾಗದ ಏಜೆಂಟ್ ಮತ್ತು ಪರ್ವತ ಮಾರ್ಗದರ್ಶಿ. ಹಗ್ಗ ಕಟ್ಟಿ ಮೋಂ ಬ್ಲಾಂ ಹತ್ತಿಸುವವರಿಗೆ ಕಾರ್ಡ್ ಇದೆ. ಮನೆ ಮಾರಿಸುವವರಿಗೂ ಇದೆ. ಪಿಜ್ಜಾ ಮಾಡಿಸುವವರನ್ನು ಮಾತ್ರ ಸೇರಿಸಲಿಲ್ಲ.

ಸ್ಕೀ ಕಲಿಸುವವರನ್ನೂ, ಎಲ್ಲ ಹಂತದವರನ್ನೂ, ಅದರಲ್ಲಿ ಸೇರಿಸಿ. ಇನ್ನೊಂದು: 2013ರ ತಿದ್ದುಪಡಿಯಲ್ಲಿ 'ಭಾಗಶಃ ಅವಕಾಶ' ಅನ್ನುವ ಮಾತು ತಂದಿರಿ. ಒಂದು ವೃತ್ತಿಯ ಒಂದು ಭಾಗವನ್ನು ಬೇರ್ಪಡಿಸಲು ಬರುವುದಾದರೆ, ಅಷ್ಟಕ್ಕೆ ಮಾತ್ರ ಅನುಮತಿ ಕೊಡಬಹುದು ಅಂತ. ಗುರುತು ಹಾಕಿದ ಸುಲಭದ ಇಳಿಜಾರು, ಹೊಸಬರು, ಸ್ಕೀ ಶಾಲೆಯೊಂದರ ಉಸ್ತುವಾರಿ, ಇದಕ್ಕಿಂತ ಸ್ಪಷ್ಟವಾಗಿ ಬೇರ್ಪಡುವ ಭಾಗ ಇನ್ನೆಲ್ಲಿದೆ? ಬೇಲಿ ಕೂಡ ಹಾಕಿರುತ್ತಾರೆ! ಇಷ್ಟಕ್ಕೆ ರೇಸಿನ ಸಮಯ ಕೇಳಬೇಡಿ ಅಂತ ದೇಶಗಳಿಗೆ ನಿಮ್ಮ ಕಡೆಯಿಂದ ಒಂದು ಮಾರ್ಗಸೂಚಿ ಹೋಗಲಿ. ಗ್ರೀಸ್‌ನ ಒಬ್ಬ ವಕೀಲೆ ಜರ್ಮನಿಯಲ್ಲಿ ಕೆಲಸ ಮಾಡಲು ಹೊರಟಾಗ, ಅವಳಿಗೆ ಏನು ಬರುತ್ತದೆ ಅನ್ನುವುದನ್ನು ಹೋಲಿಸಿ ನೋಡಲೇಬೇಕು ಅಂತ ಲಕ್ಸೆಂಬರ್ಗಿನಲ್ಲಿರುವ ಯೂನಿಯನ್ನಿನ ನ್ಯಾಯಾಲಯ 1991ರಲ್ಲೇ ಹೇಳಿತ್ತು. ನನ್ನ ಮಗಳಿಗೆ ಬಂದ ಉತ್ತರದಲ್ಲಿ ಅವಳು ಮಕ್ಕಳಿಗೆ ಕಲಿಸಿದ ನಾಲ್ಕು ಚಳಿಗಾಲದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಬ್ರಸೆಲ್ಸ್‌ನಲ್ಲಿ ಕನ್ನಡ ಓದುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ನಾವು ಎಲ್ಲ ಕಡೆಯೂ ಇದ್ದೇವೆ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಸರಿ, ಈ ಸಲವೂ ಅನುವಾದದ ಖರ್ಚು ನನ್ನದೇ ಇರಲಿ.

ಮಗಳು ಮತ್ತೆ ಅರ್ಜಿ ಹಾಕುತ್ತಾಳಂತೆ. ಸೆಪ್ಟೆಂಬರ್‌ವರೆಗೆ ಕಾಯುವುದಿಲ್ಲವಂತೆ. ಏಪ್ರಿಲ್‌ನಲ್ಲೇ ಕಳಿಸುತ್ತಾಳಂತೆ, ಲೆಂಗ್‌ಗ್ರೀಸ್‌ನ ಹಿಮ ಕರಗುವ ಮೊದಲೇ.

ಇಂತಿ,
ಮ್ಯೂನಿಕ್‌ನಲ್ಲಿರುವ ಒಬ್ಬ ಕನ್ನಡದ ಅಮ್ಮ