ದೂರು ಕೊಟ್ಟಾಗಿದೆ ಸಾಹೇಬರೇ, ಈಗ ಹೇಳಿ

ಮಾನ್ಯ ಸಂಪಾದಕರೇ,

ವಾರಕ್ಕೊಂದು ತಿನ್ನಬೇಕಾದ ಮಾತ್ರೆಯನ್ನು ದಿನಾ ತಿನ್ನುವಂತೆ ಬರೆದುಕೊಟ್ಟ ಮೆಡಿಕಲ್ ಶಾಪ್ ಬಗ್ಗೆ ನಿನ್ನೆ ನಿಮ್ಮಲ್ಲಿ ಬಂದ ವರದಿ ಓದಿದೆ. ಅದರಲ್ಲಿರುವ ವೃದ್ಧೆ ನನ್ನ ಅಮ್ಮ. ವರದಿಯ ಕೊನೆಗೆ ಔಷಧ ನಿಯಂತ್ರಣ ಇಲಾಖೆಯ ಸಾಹೇಬರು "ಲಿಖಿತ ದೂರು ಬಂದರೆ ಪರಿಶೀಲಿಸುತ್ತೇವೆ" ಅಂದಿದ್ದಾರೆ. ದೂರು ಅವರ ಕಚೇರಿಯಲ್ಲೇ ಬಿದ್ದಿದೆ. ಸೀಲು ಹಾಕಿಸಿಕೊಂಡ ಪ್ರತಿ ನನ್ನ ಹತ್ತಿರ ಇದೆ. ಇನ್ನು ಯಾವ ದೂರು ಬೇಕಂತೆ ಇವರಿಗೆ?

ಅಮ್ಮನಿಗೆ ಸಂಧಿವಾತ. ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದಿದ್ದರು, ವಾರಕ್ಕೆ ಒಂದೇ ಸಲ ಅಂತ ಅಡಿಗೆರೆ ಎಳೆದು. ಅಂಗಡಿಯ ಹುಡುಗ ಖಾಕಿ ಕವರ್ ಮೇಲೆ 1-0-0 ಅಂತ ಗೀಚಿ ಕೊಟ್ಟ, ಅಂದರೆ ದಿನಾ ಬೆಳಿಗ್ಗೆ ಒಂದು. ಈ ಮಾತ್ರೆ ದಿನಾ ಹೊಟ್ಟೆಗೆ ಹೋದರೆ ಮೂಳೆಯೊಳಗೆ ರಕ್ತಕಣ ಹುಟ್ಟುವುದೇ ಕಡಿಮೆಯಾಗುತ್ತದೆ, ಬಾಯಿ ತುಂಬಾ ಹುಣ್ಣಾಗುತ್ತದೆ. ಒಂದು ಗುಟುಕು ನೀರು ನುಂಗುವುದಕ್ಕೂ ಅಮ್ಮ ಮಂಚದ ಕಂಬಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಐಸಿಯು. ನನ್ನ ರಜೆ ಮುಗಿದು ಸಂಬಳ ಕಡಿತ ಶುರುವಾಯಿತು, ತಂಗಿ ಮಕ್ಕಳ ಪರೀಕ್ಷೆ ಬಿಟ್ಟು ಬಂದಳು, ಮನೆಯ ಒಡವೆ ಬ್ಯಾಂಕಿಗೆ ಹೋಯಿತು.

ಅಂಗಡಿಯವರು ಏನಂದರು ಗೊತ್ತಾ? "ಆ ಕೈಬರಹ ನಮ್ಮದಲ್ಲ." ಬಿಲ್ ಕೇಳಿದರೆ ಆವತ್ತು ಕಂಪ್ಯೂಟರ್ ಕೆಟ್ಟಿತ್ತಂತೆ. ಗೋಡೆ ಮೇಲೆ ಫಾರ್ಮಸಿಸ್ಟ್ ಸರ್ಟಿಫಿಕೇಟ್‌ಗೆ ಫ್ರೇಮ್ ಹಾಕಿಸಿ ನೇತುಹಾಕಿದ್ದಾರೆ, ಆದರೆ ಆ ಹೆಸರಿನ ಮನುಷ್ಯನನ್ನು ಕೌಂಟರ್‌ನಲ್ಲಿ ನಾನಂತೂ ಒಂದು ದಿನವೂ ಕಂಡಿಲ್ಲ. ಡಾಕ್ಟರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟೇ ಕೊಡಬೇಕು ಅಂತ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಅದನ್ನು ನೋಡಬೇಕಾದವರು ಯಾರು, ನಾವಾ?

ಪೊಲೀಸ್ ಠಾಣೆಗೆ ಹೋದರೆ "ಡಾಕ್ಟರ್ ವಿಷಯ, ತಜ್ಞರ ವರದಿ ಇಲ್ಲದೆ ಮುಟ್ಟೋಕೆ ಆಗಲ್ಲ" ಅಂದರು. ಡಾಕ್ಟರ ಮೇಲೆ ಕ್ರಿಮಿನಲ್ ಕೇಸ್ ಮುಂದುವರಿಸುವ ಮೊದಲು ಬೇರೆ ವೈದ್ಯರ ಅಭಿಪ್ರಾಯ ಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದ್ದು ನಿಜ. ಆದರೆ ನಾವು ದೂರಿದ್ದು ಡಾಕ್ಟರನ್ನಲ್ಲ, ಅವರ ಚೀಟಿ ಸರಿಯಾಗೇ ಇದೆ! ಮಾತ್ರೆ ಕಟ್ಟಿಕೊಡುವ ಹುಡುಗ ಯಾವಾಗ ಡಾಕ್ಟರ್ ಆದ? ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದವರಿಗೆ ಅಂತಲೇ ಭಾರತೀಯ ನ್ಯಾಯ ಸಂಹಿತೆಯಲ್ಲಿ 125ನೇ ಸೆಕ್ಷನ್ ಇದೆ, ಅದನ್ನು ತೆಗೆದು ಓದಲಿಕ್ಕೂ ಅವರಿಗೆ ಪುರುಸೊತ್ತಿಲ್ಲ.

ಇನ್ನು ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ಹೋಗಬೇಕು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ಎಲ್ಲ ಕೇಸಿಗೂ ತಜ್ಞರ ಸಾಕ್ಷಿ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದು ಮಲೇರಿಯಾ ರೋಗಿಗೆ ಟೈಫಾಯ್ಡ್ ಔಷಧಿ ಕೊಟ್ಟ ಕೇಸು. ನಮ್ಮದರಲ್ಲೂ ಚೀಟಿ ಮತ್ತು ಕವರ್ ಅಕ್ಕಪಕ್ಕ ಇಟ್ಟರೆ ಓದು ಬರುವ ಯಾರಿಗಾದರೂ ತಿಳಿಯುತ್ತದೆ. ಆದರೆ ಕೇಸ್ ಹಾಕಬೇಕೆಂದರೆ ಆಸ್ಪತ್ರೆಯ ದಾಖಲೆ ಬೇಕಲ್ವಾ? ರೋಗಿ ಕಡೆಯವರು ಕೇಳಿದ 72 ಗಂಟೆಯೊಳಗೆ ಡಾಕ್ಟರು ದಾಖಲೆ ಕೊಡಬೇಕು ಅಂತ 2002ರಿಂದಲೇ ವೈದ್ಯಕೀಯ ಮಂಡಳಿಯ ನಿಯಮ ಇದೆ. ನಮಗೆ ಸಿಕ್ಕ ಉತ್ತರ, "ಫೈಲ್ ಇನ್ಶೂರೆನ್ಸ್ ಸೆಕ್ಷನ್‌ಗೆ ಹೋಗಿದೆ, ಆಮೇಲೆ ಬನ್ನಿ." ಕೋಲ್ಕತ್ತಾದಲ್ಲಿ ಚಿಕಿತ್ಸೆ ಪಡೆದ ಅನುರಾಧಾ ಸಹಾ ವಿಪರೀತ ಸ್ಟೀರಾಯ್ಡ್ ಚುಚ್ಚಿಸಿಕೊಂಡು 1998ರಲ್ಲಿ ತೀರಿಕೊಂಡರು, ಸುಪ್ರೀಂ ಕೋರ್ಟ್ ಸುಮಾರು 6 ಕೋಟಿ ಪರಿಹಾರ ಕೊಡಿಸಿದ್ದು 2013ರಲ್ಲಿ. ಆಕೆಯ ಗಂಡ ಸ್ವತಃ ಡಾಕ್ಟರು. ಡಾಕ್ಟರಿಗೇ ಅಷ್ಟು ವರ್ಷ ಹಿಡಿದರೆ ನಮ್ಮಂಥವರ ಗತಿ ಏನು?

ಇದೇ ಔಷಧ ನಿಯಂತ್ರಣ ಇಲಾಖೆಗೆ ಹಿಂದೆ, ಅಂಗಡಿಯಲ್ಲಿ ಡೇಟ್ ಮುಗಿದ ಔಷಧಿ ಮಾರುತ್ತಾರೆ ಅಂತ ನಮ್ಮ ಬೀದಿಯವರು ಸಹಿ ಹಾಕಿ ಬರೆದಿದ್ದರು. ಸಿಬ್ಬಂದಿ ಕೊರತೆ ಅಂತ ಉತ್ತರ ಬಂತು. ಬೀದಿದೀಪ ಕೇಳಿದರೂ ಸಿಬ್ಬಂದಿ ಕೊರತೆ, ಅಮ್ಮನ ಪಿಂಚಣಿ ನಿಂತಾಗ ಕೇಳಿದರೂ ಸಿಬ್ಬಂದಿ ಕೊರತೆ, ಆದರೆ ಮಂತ್ರಿಗಳು ಬಂದ ದಿನ ಸ್ವಾಗತಕ್ಕೆ ನಿಂತ ಸಿಬ್ಬಂದಿಯನ್ನು ಎಣಿಸಲಿಕ್ಕೇ ಆಗಲಿಲ್ಲ.

ಆ ಅಂಗಡಿಯ ಲೈಸೆನ್ಸ್ ರದ್ದು ಮಾಡಲಿ. ಇಲ್ಲಾಂದ್ರೆ ಜಿಲ್ಲಾಧಿಕಾರಿಗಳಾದರೂ, ಆರೋಗ್ಯ ಇಲಾಖೆಯವರಾದರೂ, ಯಾರಾದರೂ ಒಬ್ಬರು ಎದ್ದು ಬಂದು ಏನಾದರೊಂದು ಕ್ರಮ ತೆಗೆದುಕೊಳ್ಳಲಿ. ಸುಮ್ನೆ ಸಂಬಳ ಎಣಿಸಿಕೊಂಡು ಪತ್ರಿಕೆಗೆ ಹೇಳಿಕೆ ಕೊಡುವುದಕ್ಕೆ ಇವರಿಗೆ ನಾಚಿಕೆಯಾಗಬೇಕು.

– ನೊಂದ ಓದುಗ