ಸಿಸ್ಟರ್‌ಗೆ, ಆಮೇಲೆ ಉಳಿದವರಿಗೆ

ಕೈಪಿಡಿ ಕೊನೆಗೂ ಅಚ್ಚಾಗಿ ಬಂತು. ಎಂಟೇ ಪುಟ, ಎರಡು ಸ್ಟೇಪಲ್ ಪಿನ್ನು, ತಿಳಿ ಹಳದಿ ರಟ್ಟು. ಮಕ್ಕಳಾಗದ ವಿಷಯಕ್ಕೆ ಮೊದಲ ಸಲ ಕೊಡಗಿನಿಂದ ಮೈಸೂರಿನ ಸ್ಪೆಷಲಿಸ್ಟ್ ಹತ್ತಿರ ಹೊರಟ ಗಂಡ ಹೆಂಡತಿಗೆ ಬೇಕಾದ್ದಷ್ಟೇ ಅದರಲ್ಲಿದೆ. ಯಾಕೆ ಶುರು ಮಾಡಿದೆವು, ಎಷ್ಟು ಸಲ ನಿಂತುಹೋಯಿತು ಅನ್ನುವುದು ಇದನ್ನು ಓದುವ ಬಹುಪಾಲು ಜನರಿಗೆ ಗೊತ್ತೇ ಇದೆ. ಅದನ್ನು ಬಿಟ್ಟು ನೇರ ಋಣದ ಲೆಕ್ಕಕ್ಕೆ ಬರುತ್ತೇವೆ.

ಕಾಗದದ ದುಡ್ಡಷ್ಟೇ ತೆಗೆದುಕೊಂಡ ಕುಶಾಲನಗರದ ಪ್ರೆಸ್ಸಿನವರು, ರಿಪೋರ್ಟ್ ಓದುವ ಪುಟ ಬರೆದುಕೊಟ್ಟ ಲ್ಯಾಬಿನ ಅಣ್ಣ, ಪೊನ್ನಂಪೇಟೆ ಮತ್ತು ಸೋಮವಾರಪೇಟೆ ಕಡೆಯ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಕರಡು ಓದಿ ಹೇಳಿ ಎಲ್ಲೆಲ್ಲಿ ಅರ್ಥವಾಗಲಿಲ್ಲ ಅಂತ ಗುರುತು ಹಾಕಿ ತಂದ ಆಶಾ ಅಕ್ಕಂದಿರು, ಕೊಡವ ತಕ್ಕ್‌ನಲ್ಲೂ ಅರೆಭಾಷೆಯಲ್ಲೂ ಅದನ್ನು ಓದಿ ರೆಕಾರ್ಡ್ ಮಾಡಿಕೊಟ್ಟು ಹೆಸರು ಬೇಡ ಅಂದ ಇಬ್ಬರು: ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಇಷ್ಟು ಜನಕ್ಕೆ ಒಂದೇ ಸಾಲಾ ಅಂತ ಬೈದರೆ ಬೈಸಿಕೊಳ್ಳುತ್ತೇವೆ. ಕೂತಿದ್ದೇ ಸಿಸ್ಟರ್ ಬಗ್ಗೆ ಬರೆಯಲು.

ಸಿಸ್ಟರ್ ನಿವೃತ್ತ ಸ್ಟಾಫ್ ನರ್ಸ್. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳ, ಒಂದು ರಾತ್ರಿ ಮಡಿಕೇರಿಯಲ್ಲಿ ಸಂಜೆಯಿಂದಲೇ ಕರೆಂಟ್ ಇರಲಿಲ್ಲ. ಬೆಳಗಾದರೆ ಪ್ರೂಫ್ ವಾಪಸ್ ಹೋಗಬೇಕು. ಮಳೆ ಜೋರಾದಂತೆ ಒಬ್ಬೊಬ್ಬರೇ ಮನೆಗೆ ಹೊರಟು, ಉಳಿದದ್ದು ನಾವು ಇಬ್ಬರು ಮತ್ತು ಅವರು. ಛತ್ರಿಯನ್ನು ಬಾಗಿಲ ಹಿಂದೆ ನೀರಿಳಿಯಲು ನಿಲ್ಲಿಸಿ, ಎಮರ್ಜೆನ್ಸಿ ಲೈಟನ್ನು ಹತ್ತಿರ ಎಳೆದುಕೊಂಡು, ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಕುರ್ಚಿ ಬಿಟ್ಟು ಎದ್ದದ್ದು ಬೆಳಗಿನ ಜಾವ ನಾಲ್ಕೂವರೆಗೆ.

ಮೊದಲ ಏಟು ಬಿದ್ದದ್ದು "ಖಾಲಿ ಹೊಟ್ಟೆಯಲ್ಲಿ ಬನ್ನಿ" ಅನ್ನುವ ಸಾಲಿಗೆ. ವಿರಾಜಪೇಟೆಯಿಂದ ಬೆಳಿಗ್ಗೆ ಐದಕ್ಕೆ ಬಸ್ ಹತ್ತಿದವಳು ಮೈಸೂರಲ್ಲಿ ಸರದಿ ಬರುವಾಗ ಹನ್ನೆರಡಾಗಿರುತ್ತದೆ, ತಲೆಸುತ್ತಿ ಬಿದ್ದರೆ ಯಾರು ನೋಡುವುದು ಅಂತ ಕೇಳಿದರು. ಥೈರಾಯ್ಡ್‌ನ ಟಿಎಸ್‌ಎಚ್, ಅಂಡಾಶಯದ ಸ್ಥಿತಿ ಹೇಳುವ ಎಫ್‌ಎಸ್‌ಎಚ್, ಎಎಂಎಚ್ ಯಾವುದಕ್ಕೂ ಉಪವಾಸ ಬೇಡ. ಫಾಸ್ಟಿಂಗ್ ಶುಗರ್ ಬರೆದುಕೊಟ್ಟಿದ್ದರೆ ಮಾತ್ರ ಬೇಕು, ಅದನ್ನು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಂಡರಾಯಿತು. ಮುಂದಿನ ಏಟು ನೀರಿನ ಬಾಟಲಿಗೆ. ಬಸುರಿಯರ ಸ್ಕ್ಯಾನಿಗೆ ಹೇಳುವ ಹಾಗೆ ಲೀಟರ್ ನೀರು ಕುಡಿದು, ಮೂರು ಗಂಟೆ ಬಸ್ಸಿನಲ್ಲಿ ಉಚ್ಚೆ ಕಟ್ಟಿಕೊಂಡು ಬರುವವರಿದ್ದಾರಂತೆ. ಇಲ್ಲಿ ಸಾಮಾನ್ಯವಾಗಿ ಮಾಡುವುದು ಒಳಗಿನಿಂದ ನೋಡುವ ಸ್ಕ್ಯಾನ್, ಅದಕ್ಕೆ ಮೂತ್ರಕೋಶ ಖಾಲಿ ಇರಬೇಕು. ಕೋಣೆಯ ಹೊರಗೇ ಹೋಗಿ ಬಂದು ಮಲಗಬೇಕು.

ದಿನದ ಲೆಕ್ಕ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ತಪ್ಪಿತ್ತು. ಮುಟ್ಟಿನ 2 ಅಥವಾ 3ನೇ ದಿನ ಕೆಲವು ಹಾರ್ಮೋನು ನೋಡುತ್ತಾರೆ ಅಂತ ಬರೆದಿದ್ದೆವು, 1ನೇ ದಿನ ಯಾವುದು ಅಂತ ಬರೆದೇ ಇರಲಿಲ್ಲ. ಕಂದು ಕಲೆ ಕಂಡ ದಿನ ಅಲ್ಲ, ಸರಿಯಾಗಿ ರಕ್ತ ಹರಿದ ದಿನ. ಎಎಂಎಚ್ ಯಾವ ದಿನವಾದರೂ ಆಗುತ್ತದೆ. "21ನೇ ದಿನದ ಪ್ರೊಜೆಸ್ಟರಾನ್" ಅನ್ನುವುದನ್ನು ಎರಡು ಗೆರೆ ಎಳೆದು ಹೊಡೆದರು. ಅಂಡ ಬಿಡುಗಡೆಯಾಯಿತಾ ಅಂತ ತೋರಿಸುವ ಹಾರ್ಮೋನು ಅದು, 21 ಅನ್ನುವುದು 28 ದಿನಕ್ಕೆ ಮುಟ್ಟಾಗುವವಳ ಲೆಕ್ಕ. 35 ದಿನದವಳಿಗೆ 28ನೇ ದಿನ, ಅಂದರೆ ಮುಂದಿನ ಮುಟ್ಟಿಗೆ ಏಳು ದಿನ ಮೊದಲು. 21ಕ್ಕೇ ತೆಗೆದರೆ ಅಂಡ ಬಿಡುಗಡೆಯಾಗುವ ಸಮಯವೇ ಬಂದಿರುವುದಿಲ್ಲ, ಇಲ್ಲದ ಕಾಯಿಲೆ ಫೈಲಿನೊಳಗೆ ಸೇರಿಕೊಳ್ಳುತ್ತದೆ. ಗೋಡೆ ಕ್ಯಾಲೆಂಡರಿನಲ್ಲಿ ಹೆಂಗಸರು ಹಾಕಿಟ್ಟ ಸುತ್ತುಗಳ ಫೋಟೋ ತೆಗೆದುಕೊಂಡು ಹೋಗಿ, ಆರು ತಿಂಗಳದ್ದು ಸಾಕು, ಅನ್ನುವ ಸಲಹೆಯೂ ಅವರದೇ. ಆ್ಯಪ್‌ಗಿಂತ ಅದೇ ಗಟ್ಟಿ.

ಗಂಡನ ವೀರ್ಯದ ಸ್ಯಾಂಪಲ್ಲಿನ ಪುಟವನ್ನಂತೂ ಪೂರ್ತಿ ಹೊಸದಾಗಿ ಬರೆಸಿದರು. ಕರಡಿನಲ್ಲಿ "ಮನೆಯಿಂದಲೇ ತರಬಹುದು, 2 ಗಂಟೆಯೊಳಗೆ" ಅಂತಿತ್ತು. ಎಲ್ಲಿಂದ ತರುವುದು? ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಸ್ಯಾಂಪಲ್ 1 ಗಂಟೆಯೊಳಗೆ ಲ್ಯಾಬಿನವರ ಕೈ ಸೇರಬೇಕು, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ತಡವಾದಷ್ಟೂ, ತಣ್ಣಗಾದಷ್ಟೂ ವೀರ್ಯಾಣುಗಳ ಓಡಾಟ ಕುಗ್ಗಿ, ಸರಿಯಿರುವ ಮನುಷ್ಯನ ರಿಪೋರ್ಟೂ ಕೆಟ್ಟದಾಗಿ ಬರುತ್ತದೆ. ಅದಕ್ಕೇ ಅಲ್ಲೇ ಕೊಡಬೇಕು, ಇಲ್ಲವೇ ಹತ್ತಿರದ ಲಾಡ್ಜಿನಿಂದ ಅಂಗಿಯ ಒಳಜೇಬಿನಲ್ಲಿ ಮೈಬಿಸಿಗೆ ತಾಗಿಸಿಕೊಂಡು ತರಬೇಕು. ಐಸ್ ಬೇಡ. ಡಬ್ಬಿ ಲ್ಯಾಬಿನದೇ ಆಗಲಿ. ಕ್ರೀಮು, ಎಣ್ಣೆ, ಎಂಜಲು, ಅಂಗಡಿಯ ಕಾಂಡೋಮ್ ಯಾವುದೂ ತಾಗಬಾರದು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅದು ಹೊರಗೆ ಚೆಲ್ಲಿದ್ದರೆ ಮುಚ್ಚಿಡದೆ ಹೇಳಬೇಕು. ಸ್ಯಾಂಪಲ್ ಕೊಡುವ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಮೂರು ದಿನ ಮೊದಲೇ ಲೆಕ್ಕ ಹಾಕಿ ಹೊರಟರೆ ಮೊದಲ ಭೇಟಿಯಲ್ಲೇ ಇದು ಮುಗಿದು, ಕೊಯ್ಲಿನ ಕಾಲದಲ್ಲಿ ಇನ್ನೊಂದು ದಿನದ ಕೂಲಿ ಉಳಿಯುತ್ತದೆ. ಸ್ಯಾಂಪಲ್ ಕೊಡುವ ಆ ಚಿಕ್ಕ ಕೋಣೆಯಲ್ಲಿ ಆಗದೇ ಹೋಗುವುದೂ ತುಂಬಾ ಮಾಮೂಲು. ಕೌಂಟರಿನಲ್ಲಿ ಹೇಳಿದರೆ ಬೇರೆ ದಿನ ಕೊಡುತ್ತಾರೆ.

ಮಳೆಗಾಲದಲ್ಲಿ ಜ್ವರ ಬಂದಿತ್ತಾ ಅನ್ನುವ ಪ್ರಶ್ನೆಯನ್ನೂ ಅವರೇ ಸೇರಿಸಿದರು. ಒಂದು ವೀರ್ಯಾಣು ತಯಾರಾಗಲು ಹತ್ತಿರ ಹತ್ತಿರ 74 ದಿನ ಬೇಕು. ಕಕ್ಕಡದ ಜೋರು ಜ್ವರದ ನೆರಳು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ತೆಗೆಸಿದ ರಿಪೋರ್ಟಿನ ಮೇಲೂ ಬೀಳಬಹುದು. ದೊಡ್ಡವನಾದ ಮೇಲೆ ಮಂಗನಬಾವು, ಹರ್ನಿಯಾ ಆಪರೇಶನ್, ತೋಟದಲ್ಲಿ ಹೊಡೆಯುವ ಔಷಧಿ, ಜಿಮ್ಮಿನಲ್ಲಿ ಚುಚ್ಚಿಸಿಕೊಂಡ ಟೆಸ್ಟೋಸ್ಟಿರಾನ್ ಎಲ್ಲವನ್ನೂ ಹೇಳಬೇಕು. ಕೊನೆಯದು ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಬಲ್ಲದು. ರಿಪೋರ್ಟ್ ಕೈಗೆ ಬಂದಾಗ "ಆಕಾರ ಸರಿಯಿರುವುದು ಶೇ. 4" ಅಂತ ನೋಡಿ ಎದೆ ಒಡೆದುಕೊಳ್ಳಬೇಡಿ, 4 ಇದ್ದರೆ ಸರಿಯೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಓಡಾಟ ಶೇ. 42. ಒಂದು ಸಲ ಕಮ್ಮಿ ಬಂದರೆ ತೀರ್ಪಲ್ಲ, ಇನ್ನೊಮ್ಮೆ ನೋಡಬೇಕು. ಗಂಡನ ಈ ಒಂದು ಕಾಗದ ಬರುವ ಮೊದಲೇ ಹೆಂಡತಿಗೆ ತಿಂಗಳುಗಟ್ಟಲೆ ಅಂಡ ಬೆಳೆಸುವ ಮಾತ್ರೆ ನುಂಗಿಸುವುದರ ಬಗ್ಗೆ ಸಿಸ್ಟರ್ ಆಡಿದ ಮಾತನ್ನು ಅಚ್ಚು ಹಾಕಲು ಆಗಲಿಲ್ಲ.

ಎರಡೂವರೆ ಸುಮಾರಿಗೆ ರಟ್ಟಿನ ಪುಟ ಬಂತು. "ಬಂಜೆತನ: ಮೊದಲ ಭೇಟಿ" ಅಂತ ನಾವೇ ಇಟ್ಟಿದ್ದ ಹೆಸರು. ಸರ್ಕಾರಿ ಕಾಗದದಲ್ಲೂ ಅದೇ ಪದ ಅಲ್ಲವಾ ಅಂತ ವಾದಕ್ಕೂ ಇಳಿದೆವು. ಸಿಸ್ಟರ್ ಪೆನ್ನು ಕೆಳಗಿಟ್ಟರು. "ಆ ಪದಕ್ಕೆ ಗಂಡಸಿಗೆ ಏನಂತಾರೆ, ಹೇಳಿ ನೋಡುವ" ಅಂದರು. ಬಾಯಿ ಬರಲಿಲ್ಲ. ಷಂಡ ಅನ್ನುವ ಬೈಗುಳ ಬೇರೆ ವಿಷಯದ್ದು, ವೀರ್ಯಾಣುವಿನ ಎಣಿಕೆಗೂ ಅದಕ್ಕೂ ಸಂಬಂಧವೇ ಇಲ್ಲ. ಬಂಜೆ ಅಂದರೆ ಹೆಣ್ಣೇ. ತೊಟ್ಟಿಲು ಶಾಸ್ತ್ರಕ್ಕೆ ಮುಂದೆ ಕರೆಯದೆ ಅಡುಗೆಮನೆಗೆ ಕಳಿಸುವುದು ಆ ಪದ ಹೊತ್ತವಳನ್ನೇ. ಇಬ್ಬರೂ ಬರಲಿ ಅಂತ ಕೈಪಿಡಿ ಮಾಡಲು ಹೊರಟವರೇ ಅದನ್ನು ದಪ್ಪಕ್ಷರದಲ್ಲಿ ರಟ್ಟಿನ ಮೇಲೆ ಹೊಡೆಸುವವರಿದ್ದೆವು. ಆ ನಾಚಿಕೆ ಈಗಲೂ ಇಳಿದಿಲ್ಲ. ಸ್ವಲ್ಪ ಹೊತ್ತು ಮೂವರೂ ಮಾತಾಡಲಿಲ್ಲ, ಹೆಂಚಿನ ಮೇಲೆ ಮಳೆಯದೊಂದೇ ಸದ್ದು. ಆಮೇಲೆ ಅವರೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಈಗ ರಟ್ಟಿನ ಮೇಲೆ "ಇಬ್ಬರೂ ಬನ್ನಿ" ಅಂತಿದೆ.

ಇಬ್ಬರೂ ಬಂದ ಮೇಲೆ ಒಬ್ಬೊಬ್ಬರೇ ಐದು ನಿಮಿಷ ಡಾಕ್ಟರ ಜೊತೆ ಕೂರಬೇಕು ಅನ್ನುವ ಸಾಲೂ ಅವರು ಬರೆಸಿದ್ದು. ಹಿಂದೆ ಗರ್ಭ ನಿಂತಿತ್ತಾ, ತೆಗೆಸಿದ್ದರಾ, ಸೋಂಕು ಆಗಿತ್ತಾ ಅನ್ನುವುದಕ್ಕೆ ಅತ್ತೆ, ನಾದಿನಿ, ಕೆಲವು ಸಲ ಗಂಡನ ಎದುರೂ ಉತ್ತರ ಬರುವುದಿಲ್ಲ. ಆ ಉತ್ತರವಿಲ್ಲದೆ ಡಾಕ್ಟರಿಗೆ ಟ್ಯೂಬಿನ, ಅಂದರೆ ಅಂಡ ಗರ್ಭಕೋಶಕ್ಕೆ ಬರುವ ನಾಳದ, ವಿಷಯ ಅಂದಾಜಿಗೂ ಸಿಗುವುದಿಲ್ಲ. ಕ್ಷಯ ಇತ್ತಾ ಅನ್ನುವುದೂ ಹಾಗೆಯೇ. ಶ್ವಾಸಕೋಶದ್ದು ವಾಸಿಯಾಗಿದ್ದರೂ ನಮ್ಮ ದೇಶದಲ್ಲಿ ಟ್ಯೂಬು ಮುಚ್ಚಿಹೋಗಲು ಅದು ದೊಡ್ಡ ಕಾರಣಗಳಲ್ಲೊಂದು.

ಉಳಿದದ್ದು ಕೈಪಿಡಿಯಲ್ಲೇ ಇದೆ. ಮಗುವಿಗೆ ಪ್ರಯತ್ನಿಸುತ್ತ ಒಂದು ವರ್ಷ ಕಾದು ಹೋಗಬೇಕು, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು, 40 ದಾಟಿದ್ದರೆ ಅಥವಾ ಮುಟ್ಟು ಏರುಪೇರಿದ್ದರೆ ಕಾಯುವುದೇ ಬೇಡ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಲೇ ಶುರುವಾಗಲಿ. ಆದಿವಾಸಿ ಹಾಡಿಗಳ ಜೋಡಿಗಳು ಸಿಕಲ್ ಸೆಲ್ ಅನ್ನುವ ಆನುವಂಶಿಕ ರಕ್ತದ ಕಾಯಿಲೆಯ ಪರೀಕ್ಷೆ ಮಾಡಿಸಿಕೊಂಡೇ ಹೋಗಲಿ, ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲೊಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ. ಐವಿಎಫ್, ಅಂದರೆ ಅಂಡ ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸುವ ಚಿಕಿತ್ಸೆಯ ಮಾತು ಬಂದರೆ ಇಂಥ ಚಿಕಿತ್ಸೆಗಳಿಗಿರುವ 2021ರ ಎಆರ್‌ಟಿ ಕಾಯ್ದೆಯ ನೋಂದಣಿ ಪತ್ರ ಎಲ್ಲಿದೆ ಅಂತ ಕೇಳಿ. ಸ್ಕ್ಯಾನಿಗೆಷ್ಟು, ಇಂಜೆಕ್ಷನ್ನಿಗೆಷ್ಟು ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಮೊದಲ ದಿನವೇ ಪ್ಯಾಕೇಜಿಗೆ ಸಹಿ ಹಾಕಬೇಡಿ.

ಸಿಸ್ಟರ್, ರಟ್ಟಿನ ಒಳಬದಿಯಲ್ಲಿ ನಿಮ್ಮ ಹೆಸರು ಹಾಕಲು ನೀವು ಬಿಡಲಿಲ್ಲ. ಇಲ್ಲೂ ಹಾಕಿಲ್ಲ. ಆದರೆ ಆ ರಾತ್ರಿಯ ಕೆಂಪು ಗೆರೆಯ ಪ್ರೂಫನ್ನು ನೀವು ಹೇಳಿದ ಹಾಗೆ ಒಲೆಗೆ ಹಾಕಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇವೆ.

ಒಂದು ಮನವಿ. ಅಚ್ಚಿಗೆ ಮೊದಲು ಜೆರಾಕ್ಸ್ ಮಾಡಿ ಹಂಚಿದ ಕರಡು ಇನ್ನೂ ಕೆಲವರ ಮನೆಯಲ್ಲಿದೆ. 5ನೇ ಪುಟದಲ್ಲಿ "2 ಗಂಟೆಯೊಳಗೆ" ಅಂತಿದ್ದರೆ ಪೆನ್ನಿನಲ್ಲೇ "1 ಗಂಟೆ" ಮಾಡಿಕೊಳ್ಳಿ. ತಪ್ಪು ನಮ್ಮದು.